ತೋನ್ಸೆಪಾರಿಗೆ ಬೋಟು ಯಾವಾಗ? – ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಮ್ಮ ಕಡೆಯವರ ಬಾಯಲ್ಲಿ ಅದು ತೋನ್ಸೆಪಾರ್. ಅಲ್ಲಿಗೆ ಜನರನ್ನು ಕರೆದೊಯ್ಯುವ ಬೋಟಿನಲ್ಲಿ ಆರು ಸೀಸನ್ ಕೆಲಸ ಮಾಡಿದ್ದೆ ಅಂತಲೂ ಹೇಳಿದ್ದೆ. ಅದಕ್ಕೇ ಇಷ್ಟು ಪ್ರಶ್ನೆಗಳು ಬಂದಿವೆ. ಎಲ್ಲಕ್ಕೂ ಜಾಗ ಸಾಲದು, ಐದನ್ನು ಆರಿಸಿಕೊಂಡಿದ್ದೇನೆ.

ಜೂನ್ ಎರಡನೇ ವಾರ ಮಕ್ಕಳನ್ನು ಕರೆದುಕೊಂಡು ಮಲ್ಪೆಗೆ ಹೋಗಿದ್ದೆವು. ಅವತ್ತು ಮಳೆಯೇ ಇರಲಿಲ್ಲ, ಒಳ್ಳೆ ಬಿಸಿಲು. ಆದರೂ ದ್ವೀಪಕ್ಕೆ ಬೋಟು ಬಂದ್. ಬಿಸಿಲಿರುವ ದಿನವಾದರೂ ಬಿಡಬಹುದಲ್ವಾ? – ಓದುಗರು, ದಾವಣಗೆರೆ

ಅಷ್ಟು ದೂರದಿಂದ ಬಂದು ಬರಿಗೈಲಿ ಹೋಗುವುದು ಬೇಜಾರೇ. ಆದರೆ ಆಕಾಶ ನೋಡಿ ಕಡಲನ್ನು ಅಳೆಯುವುದಕ್ಕಾಗುವುದಿಲ್ಲ. ಎಲ್ಲೋ ನೂರಾರು ಮೈಲಿ ಆಚೆ ಎದ್ದ ಗಾಳಿಯ ಅಲೆ ಇಲ್ಲಿಗೆ ಬರುತ್ತದೆ, ನಿಮ್ಮ ತಲೆ ಮೇಲೆ ಬಿಸಿಲೇ ಇರಲಿ. ಮಲ್ಪೆ ಬಂದರು ಇರುವುದು ಹೊಳೆಯ ಬಾಯಿಯಲ್ಲಿ. ದೋಣಿ ಹೊರಗೆ ಹೋಗಬೇಕಾದರೆ ಅಳಿವೆ ದಾಟಬೇಕು. ಮಳೆಗಾಲದಲ್ಲಿ ಹೊಳೆ ನೀರು ಹೊರಗೆ ತಳ್ಳುತ್ತದೆ, ಕಡಲು ಒಳಗೆ ತಳ್ಳುತ್ತದೆ, ಅಲ್ಲಿ ಅಲೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಹುಟ್ಟಿದಾಗಿನಿಂದ ನೀರಿನಲ್ಲೇ ಇರುವ ಮೀನುಗಾರರ ಯಾಂತ್ರಿಕ ಬೋಟುಗಳೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರುತ್ತವೆ. ಅದು ಮೀನು ಮೊಟ್ಟೆ ಇಡುವ ಕಾಲ ಅನ್ನುವುದಕ್ಕೂ ಹೌದು, ಕಡಲಿನ ಕಾರಣಕ್ಕೂ ಹೌದು. ಪ್ರವಾಸಿಗರ ಬೋಟು ಅದಕ್ಕಿಂತ ಮೊದಲೇ ನಿಲ್ಲುತ್ತದೆ, ಶುರುವಾಗುವುದೂ ತಡ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಒಮ್ಮೆ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಅಕ್ಟೋಬರಿನಲ್ಲೂ ತೂಫಾನಿನ ಸುದ್ದಿ ಬಂದರೆ ಅವತ್ತಿಗೆ ಬೋಟು ಇಲ್ಲ, ಟಿಕೆಟ್ ಸಾಲು ಎಷ್ಟೇ ಉದ್ದ ಇರಲಿ.

ನನಗೆ 27 ವರ್ಷ. ಸ್ವಂತ ಬೋಟು ತೆಗೆದುಕೊಂಡು ದ್ವೀಪಕ್ಕೆ ಜನ ಸಾಗಿಸುವ ಆಸೆ. ಸ್ವಲ್ಪ ಹಣ ಇದೆ, ಉಳಿದದ್ದು ಸಾಲ. ಇದರಲ್ಲಿ ಲಾಭ ಇದೆಯಾ? – ಓದುಗ, ಕುಂದಾಪುರ

ತಮ್ಮಾ, ಮೊದಲು ತಿಂಗಳ ಲೆಕ್ಕ ಹಾಕಿ. ವರ್ಷಕ್ಕೆ ಹೆಚ್ಚೆಂದರೆ ಎಂಟು ತಿಂಗಳು ದುಡಿಮೆ. ಅದರಲ್ಲೂ ಶನಿವಾರ, ಭಾನುವಾರ, ದಸರಾ ರಜೆ, ಡಿಸೆಂಬರಿನ ಶಾಲಾ ಪ್ರವಾಸ, ಇಷ್ಟೇ ನಿಜವಾದ ಸಂಪಾದನೆಯ ದಿನಗಳು. ಮಂಗಳವಾರ, ಬುಧವಾರ ಹತ್ತು ಜನ ಬಂದು ಕೂತಿರುತ್ತಾರೆ, ಬೋಟು ತುಂಬದೆ ಹೊರಟರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ, ಹೊರಡದಿದ್ದರೆ ಆ ಹತ್ತು ಜನ ಬೈಯುತ್ತಾರೆ. ಮಳೆಗಾಲದಲ್ಲಿ ಬೋಟನ್ನು ಮೇಲೆಳೆದು ತಳ ಕೆರೆದು ಪೇಂಟ್ ಹೊಡೆಯಬೇಕು, ಇಂಜಿನ್ ಬಿಚ್ಚಬೇಕು. ಕೈಗೆ ಒಂದು ರೂಪಾಯಿ ಬರದ ತಿಂಗಳುಗಳಲ್ಲೇ ಅತಿ ಜಾಸ್ತಿ ಖರ್ಚು. ಸಾಲದ ಕಂತು ಆಗಲೂ ಕಟ್ಟಲೇಬೇಕು.

ಕಾಗದಪತ್ರದ ಕೆಲಸವೂ ಚಿಕ್ಕದಲ್ಲ. ಬೋಟಿನ ನೋಂದಣಿ, ಸರ್ವೆ, ವಿಮೆ, ಪರವಾನಗಿ ಇರುವ ಸ್ರಾಂಗ್ (ಬೋಟು ನಡೆಸುವ ಮುಖ್ಯಸ್ಥ), ಇಂಜಿನ್ ನೋಡುವ ಡ್ರೈವರ್. ಎಷ್ಟು ಜನ ಕೂರಬಹುದು ಅನ್ನುವುದನ್ನು ಸರ್ವೆ ಮಾಡಿದವರು ಬರೆದು ಕೊಡುತ್ತಾರೆ. ಇಷ್ಟೆಲ್ಲ ಇದ್ದರೂ ದ್ವೀಪಕ್ಕೆ ಜನರನ್ನು ಇಳಿಸಲು ಬೇರೆ ಅನುಮತಿ ಬೇಕು. ಬೋಟು ಕೊಂಡ ಮೇಲೆ ಅನುಮತಿಗೆ ಅಲೆಯುವ ತಪ್ಪು ಮಾಡಬೇಡಿ.

ನನ್ನ ಮಾತು ಕೇಳುವುದಾದರೆ ಮೊದಲು ಒಂದು ಸೀಸನ್ ಬೇರೆಯವರ ಬೋಟಿನಲ್ಲಿ ಹಗ್ಗ ಹಿಡಿಯಿರಿ. ಈ ಕೆಲಸದಲ್ಲಿ ದೋಣಿ ಓಡಿಸುವುದಕ್ಕಿಂತ ತಲೆ ಎಣಿಸುವುದು ದೊಡ್ಡದು ಅಂತ ನನಗೆ ಗೊತ್ತಾದದ್ದು ಮೂರನೇ ಸೀಸನ್‌ನಲ್ಲಿ. ಅವತ್ತು ಭಾನುವಾರ. ಕೊನೆಯ ಟ್ರಿಪ್ಪಿಗೆ ಎಲ್ಲರೂ ಹತ್ತಿದ್ದರು. ಲೆಕ್ಕ ಮಾಡಿದರೆ ಒಬ್ಬರು ಕಡಿಮೆ. ಮತ್ತೆ ಎಣಿಸಿದೆ, ಅಷ್ಟೇ. ಹತ್ತಿದವರೆಲ್ಲ 'ಹೊರಡಿ ಹೊರಡಿ, ನಮಗೆ ಬಸ್ಸಿದೆ' ಅಂತ ಗಲಾಟೆ. 'ಇನ್ನೊಂದು ಬೋಟಿನಲ್ಲಿ ಹೋಗಿರಬೇಕು' ಅಂತ ಒಬ್ಬರು ಧೈರ್ಯವಾಗಿ ಹೇಳಿಯೂಬಿಟ್ಟರು. ನಮ್ಮ ಸ್ರಾಂಗ್ ಮಾತೇ ಆಡಲಿಲ್ಲ, ಇಂಜಿನ್ ಆಫ್ ಮಾಡಿ ನನ್ನನ್ನು ಇಳಿಸಿದರು. ಪಡುವಣ ಬದಿಯ ಕಲ್ಲುಗಳ ಸಂದಿಯಲ್ಲಿ ಒಬ್ಬ ಹುಡುಗ ಕಾಲು ಉಳುಕಿಸಿಕೊಂಡು ಕೂತಿದ್ದ. ಉಬ್ಬರ ಏರುತ್ತಿತ್ತು, ಅವನ ಚಪ್ಪಲಿ ಆಗಲೇ ನೀರಿನಲ್ಲಿ ತೇಲುತ್ತಿತ್ತು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು, ಅಲೆಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಆ ಹುಡುಗನನ್ನು ಹೆಗಲಿಗೆ ಹಾಕಿಕೊಂಡು ಬಂದ ದಿನದಿಂದ ನಾನು ಲೆಕ್ಕ ಹೊಂದದೆ ಹಗ್ಗ ಬಿಚ್ಚಿಲ್ಲ. ಇಂಥ ಸ್ರಾಂಗ್ ಸಿಕ್ಕರೆ ಸಂಬಳ ಎರಡು ಸಾವಿರ ಜಾಸ್ತಿ ಕೊಟ್ಟಾದರೂ ಇಟ್ಟುಕೊಳ್ಳಿ.

ದ್ವೀಪದ ಹತ್ತಿರ ಹೋದ ಮೇಲೆ ದೊಡ್ಡ ಬೋಟಿನಿಂದ ಸಣ್ಣದಕ್ಕೆ ಇಳಿಸಿದರು. ನಮ್ಮ ಅತ್ತೆ ಹೆದರಿ ಅತ್ತೇಬಿಟ್ಟರು. ನೇರ ದಡಕ್ಕೇ ಯಾಕೆ ಹೋಗುವುದಿಲ್ಲ? – ಓದುಗರು, ಹುಬ್ಬಳ್ಳಿ

ದ್ವೀಪದ ಸುತ್ತ ನೀರಿನಡಿ ಕಲ್ಲು. ದೊಡ್ಡ ಬೋಟಿನ ತಳ ಆಳಕ್ಕಿರುತ್ತದೆ, ಇಳಿತದ ಹೊತ್ತಿನಲ್ಲಿ ಹೋದರೆ ತಟ್ಟುತ್ತದೆ. ಅದಕ್ಕೆ ನಮ್ಮ ದೊಡ್ಡ ಬೋಟು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಹೆದರಿಕೆ ಆಗುವುದು ಸಹಜ, ಯಾಕೆಂದರೆ ಎರಡು ದೋಣಿ ಒಟ್ಟಿಗೆ ಏಳುವುದಿಲ್ಲ, ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಎರಡೂ ಸಮ ಬರುವ ಒಂದು ಗಳಿಗೆ ಇರುತ್ತದೆ. ಬೋಟಿನ ಹುಡುಗ 'ಈಗ' ಅಂದಾಗ ಕಾಲಿಡಬೇಕು, ಅನ್ನುವವರೆಗೆ ಇಡಬಾರದು. ಅವನು ನಿಮ್ಮ ಅಂಗೈ ಬಿಟ್ಟು ಮೊಣಕೈ ಹತ್ತಿರ ಹಿಡಿಯುತ್ತಾನೆ. ಒದ್ದೆ ಅಂಗೈ ಜಾರುತ್ತದೆ, ಅದಕ್ಕೆ. ಹೆಂಗಸರು ಕೆಲವರು ಇದನ್ನು ತಪ್ಪು ತಿಳಿದದ್ದುಂಟು, ದಯವಿಟ್ಟು ಹಾಗೆ ತಿಳಿಯಬೇಡಿ. ಕೈಯಲ್ಲಿ ಬ್ಯಾಗು, ಮೊಬೈಲು ಹಿಡಿದುಕೊಂಡು ಇಳಿಯಬೇಡಿ, ಎರಡೂ ಕೈ ಖಾಲಿ ಇರಲಿ.

ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಹೋಗುವ ಮೊದಲು ಇಲ್ಲಿ ಇಳಿದಿದ್ದ ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಸರಿಯೇ? – ಶಿಕ್ಷಕಿ, ಶಿವಮೊಗ್ಗ

ಮೇಡಂ, ನಾನೂ ಬೋಟಿನಲ್ಲಿ ಎಷ್ಟೋ ಜನಕ್ಕೆ ಹಾಗೇ ಹೇಳಿದ್ದೆ. ಆಮೇಲೆ ಓದಿದಾಗ ಕ್ರಮ ತಿರುಗುಮುರುಗಾಗಿದೆ ಅಂತ ತಿಳಿಯಿತು. ಅವನು 1498ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ತಲುಪಿದ. ಆಗಸ್ಟ್ ಕೊನೆಗೆ ಅಲ್ಲಿಂದ ವಾಪಸ್ ಹೊರಟ. ಆ ಪ್ರಯಾಣದಲ್ಲಿದ್ದ ಒಬ್ಬ ನಾವಿಕನ ದಿನಚರಿ ಉಳಿದುಕೊಂಡಿದೆ. ಸೆಪ್ಟೆಂಬರ್ 15ರಂದು ದಡದಿಂದ ಸ್ವಲ್ಪ ದೂರದ ಸಣ್ಣ ದ್ವೀಪಗಳ ಹತ್ತಿರ ಹಡಗಿನಿಂದ ದೋಣಿ ಇಳಿಸಿ, ಒಂದರ ಮೇಲೆ ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟರು ಅಂತ ಅದರಲ್ಲಿದೆ. ಅವು ನಮ್ಮ ಮಲ್ಪೆಯ ದ್ವೀಪಗಳೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆಮೇಲೆ ಅವರು ಹೋದದ್ದು ಕಾರವಾರದ ಹತ್ತಿರದ ಅಂಜುದ್ವೀಪಕ್ಕೆ. ಹಡಗು ದೂರ ನಿಲ್ಲಿಸಿ ಸಣ್ಣ ದೋಣಿ ಇಳಿಸಿದ್ದು ನೋಡಿ, ಹುಬ್ಬಳ್ಳಿಯ ಆ ಅತ್ತೆಯವರಿಗೂ ಇದನ್ನು ಹೇಳಬೇಕು.

ಮಕ್ಕಳಿಗೆ ಕಲ್ಲಿನ ವಿಷಯವನ್ನೂ ಹೇಳಿ. ಆ ಕಂಬದಂಥ ಕಲ್ಲುಗಳನ್ನು ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತಕ್ಕೆ ಮಡಗಾಸ್ಕರ್ ಇನ್ನೂ ಅಂಟಿಕೊಂಡಿದ್ದ ಕಾಲದ ಲಾವಾ ಆರುವಾಗ ಬಿರುಕು ಬಿಟ್ಟು ಹಾಗೆ ಐದು, ಆರು ಮೂಲೆಯ ಕಂಬಗಳಾಗಿವೆ. ಪಕ್ಕದ ದರಿಯಾಬಹದ್ದೂರ್‌ಗಡ ದ್ವೀಪದ ಮೇಲೆ ಬಿದನೂರಿನ ಬಸಪ್ಪ ನಾಯಕರು ಕೋಟೆ ಕಟ್ಟಿಸಿದ್ದರು. ಬೋಟಿನಲ್ಲಿ ಹೋಗುವವರಲ್ಲಿ ನೂರಕ್ಕೆ ತೊಂಬತ್ತು ಜನ ಅದರ ಹೆಸರೂ ಕೇಳಿರುವುದಿಲ್ಲ, ನನಗೆ ಅದೇ ಸಂಕಟ.

ಅಮ್ಮನಿಗೆ 70, ಮೊಣಕಾಲು ನೋವು. ದ್ವೀಪ ನೋಡಲೇಬೇಕು ಅಂತಾರೆ. ಜೊತೆಗೆ ನನ್ನ ಇಬ್ಬರು ಗಂಡುಮಕ್ಕಳು, ಫೋಟೋ ಹುಚ್ಚು. ಕರೆದುಕೊಂಡು ಹೋಗಲೇ? – ಓದುಗರು, ಬೆಂಗಳೂರು

ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಡಿಸೆಂಬರ್, ಜನವರಿಯಲ್ಲಿ ವಾರದ ಮಧ್ಯೆ ಹೋಗಿ, ಬೆಳಗಿನ ಮೊದಲ ಬೋಟಿಗೆ. ಆ ಹೊತ್ತಿನಲ್ಲಿ ನೀರು ಮಲಗಿರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಪಡುವಣ ಗಾಳಿ ಎದ್ದು ಬೋಟು ಕುಣಿಯುತ್ತದೆ. ಹತ್ತುವಾಗಲೇ ಬೋಟಿನ ಹುಡುಗರಿಗೆ ಮೊಣಕಾಲಿನ ವಿಷಯ ಹೇಳಿಬಿಡಿ, ನಾಚಿಕೆ ಬೇಡ. ಬೋಟಿನ ನಡುವೆ ಕೂರಿಸಿ, ಮುಂದುಗಡೆ ಎತ್ತಾಕುತ್ತದೆ. ದಡದಲ್ಲಿ ನೆರಳಿನಲ್ಲಿ ಕೂತರೂ ಕಲ್ಲುಗಳು ಕಾಣುತ್ತವೆ.

ನನಗೆ ಯೋಚನೆ ಇರುವುದು ಗಂಡುಮಕ್ಕಳದ್ದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಆ ಕಲ್ಲುಗಳ ಮೇಲೆ ಪಾಚಿ ಇರುತ್ತದೆ. ಹತ್ತು ಅಲೆ ಪಾದದ ಹತ್ತಿರ ಬಂದು ಹೋಗುತ್ತವೆ, ಹನ್ನೊಂದನೆಯದು ಸೊಂಟಕ್ಕೆ ಬರುತ್ತದೆ. ಒದ್ದೆಯಾಗಿ ಕಪ್ಪಗೆ ಕಾಣುವ ಕಲ್ಲಿನ ಮೇಲೆ ಕಾಲಿಡಬಾರದು, ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರ ಮೇಲೆ ಮಾತ್ರ ನಿಲ್ಲಬೇಕು ಅಂತ ಬೋಟು ಹತ್ತುವ ಮೊದಲೇ ಇಬ್ಬರಿಂದಲೂ ಒಪ್ಪಿಸಿಕೊಳ್ಳಿ. ಸೀಟಿ ಊದಿದರೆ ಕ್ಯಾಮೆರಾ ಬಿಟ್ಟು ಹಿಂದೆ ಬರಬೇಕು. ಲೈಫ್ ಜಾಕೆಟ್ಟಿನ ಪಟ್ಟಿ ಹಾಕಿದ್ದಾರಾ ಅಂತ ನೀವೇ ಎಳೆದು ನೋಡಿ, ಹೆಚ್ಚಿನ ಹುಡುಗರು ಸುಮ್ನೆ ಹೆಗಲಿಗೆ ಹಾಕಿಕೊಂಡಿರುತ್ತಾರೆ.