40 ಸೆಂಟ್ಸ್ ಮಳೆ ನಂಬಿ ಸ್ಪ್ರಿಂಕ್ಲರ್ ಎತ್ತಿಡಬೇಡಿ

ಅಣ್ಣಾ, ದಯವಿಟ್ಟು ಪೈಪ್ ಎತ್ತಿಡಬೇಡಿ. ಮೊನ್ನೆ ಸಂಜೆ ಸಕಲೇಶಪುರದ ಕಡೆ ನಿಮ್ಮ ತೋಟಕ್ಕೆ 40 ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು) ಮಳೆ ಬಿತ್ತು, ಇನ್ನು ನಾಲ್ಕೈದು ದಿನ ಸುಡು ಬಿಸಿಲು, ಆಮೇಲೆ ಗುಡುಗು ಮಳೆ, ತಂಪು ಅಂತ ಮುನ್ಸೂಚನೆ ಇದೆ, ಅದಕ್ಕೇ ರೋಬಸ್ಟಾ ಕಾಫಿಗೆ ನೀರು ನಿಲ್ಲಿಸಿದೆ, ಡೀಸೆಲ್ ಉಳಿಯಿತು ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ ಒಳ್ಳೇದಾಯ್ತು ಅಂದಿದ್ದಾರೆ. ಒಬ್ಬರಾದರೂ ತಡೆಯಬೇಕಿತ್ತು. ಇದೇ ಲೆಕ್ಕ ಹಾಕಿ ನಾವೂ ಒಂದು ವರ್ಷ ಕೆಳಗಿನ ಬ್ಲಾಕಿನ ಫಸಲು ಕಳೆದುಕೊಂಡಿದ್ದೇವೆ.

40 ಸೆಂಟ್ಸ್ ಅಂದರೆ 10 ಮಿ.ಮೀ. ರೋಬಸ್ಟಾ ಹೂವಿಗೆ ಒಂದರಿಂದ ಒಂದೂವರೆ ಇಂಚು ಬೇಕು. ಈ ಹತ್ತರಲ್ಲೂ ಒಂದು ಪಾಲು ನೆರಳು ಮರದ ಎಲೆ ಹಿಡಿದುಕೊಂಡಿತು, ಇನ್ನೊಂದು ಪಾಲು ದರಗು (ನೆಲಕ್ಕೆ ಉದುರಿದ ಒಣ ಎಲೆ) ಕುಡಿಯಿತು. ಬೇರಿಗೆ ಸಿಕ್ಕಿದ್ದು ಎಷ್ಟು? ಆದರೆ ಮೊಗ್ಗು ಏಳುವುದಕ್ಕೆ ಅಷ್ಟೇ ಸಾಕು. ಅಪಾಯ ಇರುವುದೇ ಇಲ್ಲಿ. ಮಳೆಯೇ ಬರದಿದ್ದರೆ ಮೊಗ್ಗು ಸುಮ್ನೆ ಮಲಗಿರುತ್ತದೆ, ಇನ್ನಷ್ಟು ದಿನ ಕಾಯುತ್ತದೆ. ಅರೆಬರೆ ನೀರು ಬಿದ್ದರೆ ಎದ್ದುಬಿಡುತ್ತದೆ, ಮುಂದೆ ಬೆಳೆಯಲು ನೀರಿಲ್ಲ. ಮೇಲೆ ಬಿಸಿಲು. ಹಸಿರು ಮೊಗ್ಗು ಉದ್ದವಾಗಿ ಬಿಳಿ ಕ್ಯಾಂಡಲ್ (ಅರಳುವ ಮುಂಚಿನ ಉದ್ದ ಮೊಗ್ಗು) ಆಗುವ ಬದಲು ನಸುಗೆಂಪಾಗಿ ಅಲ್ಲೇ ನಿಲ್ಲುತ್ತದೆ. ಕೆಲವು ಒಣಗಿ ಕಂದಾಗುತ್ತವೆ. ಕೆಲವು ಚಿಕ್ಕದಾಗಿ, ಗಿಡ್ಡ ಎಸಳಿನ ನಕ್ಷತ್ರ ಹೂ ಆಗುತ್ತವೆ. ಅದರಲ್ಲಿ ಕಾಯಿ ಕಟ್ಟುವುದಿಲ್ಲ. ಹಾಗೆ ಹೋದ ಮೊಗ್ಗು ಮುಂದಿನ ವಾರ ಮೂರು ಇಂಚು ಸುರಿದರೂ ಮತ್ತೆ ಏಳುವುದಿಲ್ಲ.

ಮುನ್ಸೂಚನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಓದುವ ರೀತಿ ಬೇರೆ. ನಮ್ಮ ಮಾರ್ಚ್, ಏಪ್ರಿಲ್ ಇರುವುದೇ ಹೀಗೆ. ಒಳನಾಡು ಬಿಸಿಯಾಗುತ್ತದೆ, ಸಮುದ್ರದ ಕಡೆಯಿಂದ ತೇವದ ಗಾಳಿ ಬರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಘಟ್ಟದ ಮೇಲೆ ಮೋಡ ಎದ್ದು ಸಂಜೆ ಗುಡುಗುತ್ತದೆ. ಆ ಮೋಡದ ಅಗಲ ಕೆಲವೇ ಕಿಲೋಮೀಟರ್. ಪಕ್ಕದ ಎಸ್ಟೇಟಿಗೆ ಒಂದೂವರೆ ಇಂಚು, ನಮಗೆ ಬರೀ ಗಾಳಿ. ಹವಾಮಾನ ಇಲಾಖೆ ‘ಒಂದೆರಡು ಕಡೆ ಮಳೆ’ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗದಲ್ಲಿ ಮಳೆ. ‘ಕೆಲವು ಕಡೆ’ ಅಂದರೂ ಅರ್ಧದವರೆಗೆ ಮಾತ್ರ. ಇನ್ನು 2.5 ಮಿ.ಮೀ. ಬಿದ್ದರೂ ಅವರ ಲೆಕ್ಕದಲ್ಲಿ ಅದು ಮಳೆ ದಿನ. ನಮ್ಮ ಭಾಷೆಯಲ್ಲಿ 10 ಸೆಂಟ್ಸ್! ಮುನ್ಸೂಚನೆಯಲ್ಲಿ ಹಾಸನ ಜಿಲ್ಲೆ ಅಂದರೆ ಬಯಲಿನ ಅರಸೀಕೆರೆಯೂ ಅದೇ, ಘಟ್ಟದ ಸಕಲೇಶಪುರವೂ ಅದೇ ಅಲ್ವಾ? ಮಾರ್ಚ್‌ನಿಂದ ಮೇವರೆಗಿನ ಬೇಸಿಗೆ ಮುನ್ನೋಟವಂತೂ ಮೂರು ತಿಂಗಳ ಒಟ್ಟು ಲೆಕ್ಕ. ನಿಮ್ಮ ಬ್ಲಾಕಿಗೆ ಯಾವ ದಿನ ಬೀಳುತ್ತದೆ ಅಂತ ಅದು ಹೇಳುವುದೇ ಇಲ್ಲ. 2024ರ ಏಪ್ರಿಲ್ ನೆನಪಿದೆಯಾ? ಬೆಂಗಳೂರಿನಲ್ಲೇ 38.5 ಡಿಗ್ರಿ ಮುಟ್ಟಿತ್ತು. ಮೋಡ ನೋಡುತ್ತಾ ಕೂತವರ ಮೊಗ್ಗು ಏನಾಯಿತು ಅಂತ ಈ ಗುಂಪಿನಲ್ಲೇ ಓದಿದ್ದೇವೆ.

ಈಗ ಮಾಡಬೇಕಾದ್ದು. ನಾಳೆ ಬೆಳಗ್ಗೆ ಗುದ್ದಲಿ ಹಿಡಿದು ತೋಟಕ್ಕೆ ಇಳಿಯಿರಿ. ಗಿಡದ ಬುಡದಲ್ಲಿ ಅಲ್ಲ, ರೆಕ್ಕೆಯ (ಪಕ್ಕದ ಕೊಂಬೆಯ) ತುದಿ ಬರುವ ಜಾಗದಲ್ಲಿ ದರಗು ಸರಿಸಿ ಒಂದಡಿ ಅಗೆಯಿರಿ. ಗುಂಡಿಯ ಪಕ್ಕದ ಮಣ್ಣು ಎಲ್ಲಿಯವರೆಗೆ ಕಪ್ಪಗಿದೆ, ಎಲ್ಲಿಂದ ಬಿಳುಚಿದೆ ಅಂತ ಗೆರೆ ಹಾಕಿದ ಹಾಗೆ ಕಾಣುತ್ತದೆ. ಆ ಗೆರೆಯ ಕೆಳಗಿನ ಮಣ್ಣು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಆಗದೆ ಉದುರಿದರೆ ನೀರು ಬೇಕೇ ಬೇಕು. ನೆರಳು ಜಾಸ್ತಿ ಇರುವಲ್ಲಿ ಒಂದು, ಬಿಸಿಲು ಬೀಳುವಲ್ಲಿ ಒಂದು, ಇಳಿಜಾರಿನ ಮೇಲೊಂದು ಅಗೆಯಿರಿ. ನನಗೆ ಯಾವ ಆ್ಯಪ್‌ಗಿಂತಲೂ ಈ ಗುಂಡಿಯ ಮೇಲೆ ನಂಬಿಕೆ. ಮಳೆಮಾಪಕ ಬಂಗಲೆ ಅಂಗಳದಲ್ಲಿ ಮಾತ್ರ ಇಟ್ಟು ಇಡೀ ತೋಟದ ಲೆಕ್ಕ ಬರೆಯುವವರಿಗೆ ಎಷ್ಟು ಸಲ ಹೇಳುವುದು! ಬ್ಲಾಕಿಗೊಂದು ಇಡಿ. ಮೇಲೆ ಕೊಂಬೆ ಇರಬಾರದು.

ಒಣಗಿದ್ದರೆ ಉಳಿದ ಒಂದು ಇಂಚನ್ನು ಸ್ಪ್ರಿಂಕ್ಲರ್‌ನಲ್ಲಿ ಕೊಡಿ. ಮಳೆ ಬಿದ್ದ ಎರಡು ಮೂರು ದಿನದೊಳಗೆ ಆಗಬೇಕು. ಅಂದರೆ ನಾಳೆಯೇ ಎಂಜಿನ್ ಶುರುವಾಗಬೇಕು. ಇಷ್ಟು ಗಂಟೆ ಓಡಿಸಿದರೆ ಒಂದು ಇಂಚು ಅನ್ನುವ ಹಳೇ ಲೆಕ್ಕ ನಂಬಬೇಡಿ. ಎರಡು ಸ್ಪ್ರಿಂಕ್ಲರ್ ಜೆಟ್‌ಗಳ ನಡುವೆ ನಾಲ್ಕೈದು ನೇರ ಡಬ್ಬಿ ಇಟ್ಟು, ಸ್ಕೇಲ್ ಅದ್ದಿ ನೋಡಿ. 25 ಮಿ.ಮೀ. ಬಂದಾಗ ಪೈಪ್ ಬದಲಿಸಿ. ಹಗಲು ಬಿಸಿಲಿಗೆ, ಗಾಳಿಗೆ ಸಾಕಷ್ಟು ನೀರು ಎತ್ತಲೋ ಹೋಗುತ್ತದೆ. ಆಳು ಒಪ್ಪಿದರೆ ಸಂಜೆಯಿಂದ ರಾತ್ರಿ ಓಡಿಸಿ.

ಕೆರೆಯ ಲೆಕ್ಕ ಮೊದಲು ಹಾಕಿ. ಒಂದು ಎಕರೆಗೆ ಒಂದು ಇಂಚು ಅಂದರೆ ಹತ್ತಿರ ಹತ್ತಿರ 1,03,000 ಲೀಟರ್. ಕಾಯಿ ನಿಲ್ಲಲು ಎರಡು ಮೂರು ವಾರದ ಮೇಲೆ ಬ್ಯಾಕಿಂಗ್‌ಗೆ (ಹೂವಿನ ನಂತರದ ಎರಡನೇ ನೀರಿಗೆ) ಇನ್ನೊಂದು ಇಂಚು ಬೇಕಾಗಬಹುದು. ಅದನ್ನೂ ಸೇರಿಸಿಕೊಳ್ಳಿ. ನೀರು ಸಾಲದಿದ್ದರೆ ಎಲ್ಲ ಬ್ಲಾಕಿಗೂ ಅರ್ಧರ್ಧ ಹಂಚಬೇಡಿ. ಒಳ್ಳೆ ಮೊಗ್ಗು ಇರುವ ಬ್ಲಾಕಿಗೆ ಪೂರ್ತಿ ಕೊಡಿ, ಉಳಿದದ್ದು ಮಳೆಗೆ ಬಿಡಿ. ಎಲ್ಲಾ ಕಡೆ ನೆನೆಸಿದೆ ಅನ್ನುವ ಸಮಾಧಾನಕ್ಕೆ ಎಲ್ಲಾ ಕಡೆ ಹಾಳು ಮಾಡಿಕೊಳ್ಳುವವರೇ ಜಾಸ್ತಿ.

ಇಲ್ಲಿ ಒಬ್ಬರು, ನೀರು ಕೊಟ್ಟ ಮೇಲೆ ಹೂ ಅರಳುವ ದಿನವೇ ಗುಡುಗು ಮಳೆ ಬಂದರೆ ಏನು ಮಾಡುವುದು ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ರೋಬಸ್ಟಾ ನೀರು ಬಿದ್ದ ಏಳೆಂಟು ದಿನಕ್ಕೆ ಅರಳುತ್ತದೆ. ಅದಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ ಬೇಕು, ತುಡುವೆ, ಹೆಜ್ಜೇನು ಬೇಕು. ಆ ದಿನ ಮಳೆ ಬಂದರೆ ಪರಾಗ ತೊಳೆದು ಹೋಗುತ್ತದೆ, ಸ್ವಲ್ಪ ನಷ್ಟ ಇದೆ. ಆದರೆ ಹೂ ಅರಳುವುದು ಬೆಳಗಿನ ಜಾವ. ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ಒಂದಷ್ಟು ಕೆಲಸ ಆಗಿರುತ್ತದೆ. ಬರಬಹುದಾದ ಮಳೆಗೆ ಹೆದರಿ ಇವತ್ತಿನ ಮೊಗ್ಗು ಒಣಗಿಸುವುದು ಬೇಡ. ನಿಮ್ಮ ಸ್ಪ್ರಿಂಕ್ಲರ್ ಮಾತ್ರ ಹೂವಿನ ದಿನ ಓಡಬಾರದು, ಹೂ ಬಾಡುವವರೆಗೆ ಕಾಯಿರಿ. ಆ ವಾರ ಕೀಟನಾಶಕ ಹೊಡೆಯುವವರಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಜೇನು ಸತ್ತರೆ ಕಾಯಿ ಎಲ್ಲಿಂದ ಬರಬೇಕು? ಅರೇಬಿಕಾ ಕಾಫಿ ಇರುವವರಿಗೆ ಈ ಪರಾಗದ ಚಿಂತೆ ಕಡಿಮೆ, ಅದು ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ.

ಎಂಜಿನ್ ವಿಷಯ ಕೇಳಿದವರಿಗೆ: ನಾನು ಕಿರ್ಲೋಸ್ಕರ್ ಪಕ್ಷ. ಬಿಡಿಭಾಗ ಪೇಟೆಯಲ್ಲೇ ಸಿಗುತ್ತದೆ, ಊರಿನ ಮೆಕ್ಯಾನಿಕ್‌ಗೆ ಕೈ ಪಳಗಿದೆ. ಹೂವಿನ ವಾರದಲ್ಲಿ ಬಿಡಿಭಾಗಕ್ಕೆ ಬೆಂಗಳೂರಿಗೆ ಫೋನ್ ಮಾಡುತ್ತಾ ಕೂರಲು ಆಗುವುದಿಲ್ಲ. ಹೆಸರಿಲ್ಲದ ಅಗ್ಗದ ನಾಜಲ್ ಮಾತ್ರ ತರಬೇಡಿ. ತೂತು ಸವೆದರೆ ಹನಿ ದಪ್ಪವಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಹತ್ತಿರದ ಗಿಡಕ್ಕೆ ಹೊಳೆ, ದೂರದ್ದಕ್ಕೆ ಏನೂ ಇಲ್ಲ. ಹೊಸ ನಾಜಲ್‌ಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್‌ನ ಹಿಂಭಾಗ ಹಳೆಯದಕ್ಕೆ ತೂರಿಸಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಬದಲಿಸಿ.

ಗುಡುಗು ಶುರುವಾದರೆ ಎಂಜಿನ್, ಮೋಟರ್ ನಿಲ್ಲಿಸಿ ಆಳುಗಳನ್ನು ಒಳಗೆ ಕರೆಯಿರಿ. ಕೈಯಲ್ಲಿ ಅಲ್ಯುಮಿನಿಯಂ ಪೈಪ್ ಹೊತ್ತು ತೋಟದ ಮಧ್ಯೆ ಯಾರೂ ಇರಬಾರದು. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲುವುದೂ ಬೇಡ, ಗಾಳಿಗೆ ಕೊಂಬೆ ಮುರಿಯುತ್ತದೆ. ಸಿಡಿಲಿಗೆ ದಾಮಿನಿ ಆ್ಯಪ್ ಇಟ್ಟುಕೊಳ್ಳಿ. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರದ ಕೃಷಿ ಸಲಹೆ ಬರುತ್ತದೆ, ಅದನ್ನೂ ಓದಿ. ಕಣದಲ್ಲಿ ಇನ್ನೂ ಚೆರ್ರಿ ಇದ್ದರೆ ಮಧ್ಯಾಹ್ನವೇ ರಾಶಿ ಮಾಡಿ ಟಾರ್ಪಾಲ್ ಹತ್ತಿರ ಇಡಿ. ಅರ್ಧ ಒಣಗಿದ್ದು ನೆನೆದರೆ ಬೂಸ್ಟು ಹಿಡಿಯುತ್ತದೆ.

ಇನ್ನೊಂದು. ತಂಪಾಗುತ್ತದೆ ಅಂತ ಈಗಲೇ ಮರಗಸಿಗೆ (ನೆರಳು ಮರದ ಕೊಂಬೆ ಕಡಿಸಲು) ಆಳು ಕರೆಯಬೇಡಿ. ಹಾಲವಾಣದ ನೆರಳು ಈ ಬಿಸಿಲಿಗೆ ಇರಲೇಬೇಕು. ಅರೇಬಿಕಾದಲ್ಲಿ ಈಗ ನೆರಳು ತೆಗೆದರೆ ಬಿಳಿ ಕಾಂಡಕೊರಕಕ್ಕೆ ಕರೆದು ಜಾಗ ಕೊಟ್ಟ ಹಾಗೆ, ಏಪ್ರಿಲ್, ಮೇ ಅದು ಹಾರುವ ಕಾಲ. ಯೂರಿಯಾ ಚೀಲವೂ ಬಿಚ್ಚಬೇಡಿ. ಹೂ ಮುಗಿದು, ಒಂದು ಹದವಾದ ಮಳೆ ಬಿದ್ದು, ಅಗೆದರೆ ಒಂದಡಿ ನೆನೆದಿರಬೇಕು, ಆಮೇಲೆ ಗೊಬ್ಬರ. ಅಲ್ಲಿಯವರೆಗೆ ಆಳುಗಳಿಗೆ ಬೇರೆ ಕೆಲಸ ಇದೆ: ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣು ಪೂರ್ತಿ ಹೆಕ್ಕಿಸಿ. ಬೇಸಿಗೆ ಮಳೆ ಬಿದ್ದ ಕೂಡಲೇ ಅದರೊಳಗಿನ ಕಾಯಿಕೊರಕ ಹೊರಗೆ ಬರುತ್ತದೆ. ಹೆಕ್ಕಿದ್ದನ್ನು ಗುಂಡಿಗೆ ಎಸೆಯಬೇಡಿ, ಕುದಿಯುವ ನೀರಲ್ಲಿ ಅದ್ದಿ ಒಣಗಿಸಿ.

ನಾಳೆ ಗುಂಡಿ ಅಗೆದ ಮೇಲೆ ನೆನೆದ ಆಳ, ಕೆರೆಯಲ್ಲಿ ಉಳಿದ ನೀರು, ಎಷ್ಟು ಎಕರೆ ಅಂತ ಇಲ್ಲೇ ಬರೆಯಿರಿ. ಯಾವ ಬ್ಲಾಕ್ ಮೊದಲು ಅಂತ ನೋಡೋಣ.