ಒಳ್ಳೆ ಬ್ಯೂರೋ ಹೆಸರು ಕೇಳುವವರಿಗೆ

ಈ ಸಲ ಬಂದ ಪತ್ರಗಳಲ್ಲೂ ಅದೇ ಪ್ರಶ್ನೆ. "ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಮುಂಬೈಯಲ್ಲಿ ಒಳ್ಳೆ ಏಜೆನ್ಸಿ ಯಾವುದು? ಹೆಸರು, ನಂಬರ್ ಕೊಡಿ." ನಾನು ಕೊಡುವುದಿಲ್ಲ. ಏಜೆನ್ಸಿ ನಿಮ್ಮ ಮನೆಗೆ ಬರುವುದಿಲ್ಲ, ಬರುವವಳು ಒಬ್ಬ ಹೆಂಗಸು. ಅದೇ ಬ್ಯೂರೋ (ಏಜೆನ್ಸಿಯನ್ನು ಇಲ್ಲಿ ಹೀಗೂ ಕರೆಯುತ್ತಾರೆ) ಮಾಟುಂಗಾದ ಒಂದು ಮನೆಗೆ ಬಂಗಾರದಂಥ ಆಯಾ ಕಳಿಸಿರುತ್ತದೆ, ಭಾಂಡುಪಿನ ಇನ್ನೊಂದು ಮನೆಗೆ ನಿನ್ನೆಯಷ್ಟೇ ಊರಿಂದ ಬಂದಿಳಿದ ಹುಡುಗಿಯನ್ನು ಕಳಿಸಿರುತ್ತದೆ. ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ಈಗ ಮನೆಮನೆಗೆ ಹೋಗಿ ಆಯಾಗಳಿಗೆ ಕೆಲಸ ಕಲಿಸುತ್ತೇನೆ. ಎರಡೂ ಬಗೆಯವರನ್ನು ಒಂದೇ ವಾರದಲ್ಲಿ ನೋಡುತ್ತೇನೆ. ಹಾಗಾಗಿ ಹೆಸರಿನ ಬದಲು, ಆರಿಸುವುದು ಹೇಗೆ ಅನ್ನುವುದನ್ನು ಹೇಳುತ್ತೇನೆ.

ಪ್ರಶ್ನೆ: ಅತ್ತೆಗೆ 81 ವರ್ಷ. ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿದೆ. ಶುಕ್ರವಾರ ಡಿಸ್ಚಾರ್ಜ್. ನಾವಿಬ್ಬರೂ ಬೆಳಗ್ಗೆ ಏಳರ ಲೋಕಲ್ ಹಿಡಿಯುವವರು. ಆಸ್ಪತ್ರೆಯ ವಾರ್ಡ್‌ಬಾಯ್ ಒಂದು ಬ್ಯೂರೋ ನಂಬರ್ ಕೊಟ್ಟಿದ್ದಾನೆ. ಏನು ನೋಡಿ ಆರಿಸಬೇಕು? (ಡೊಂಬಿವಲಿ)

ಮೊದಲು ಒಂದು ಹಾಳೆ ತಗೊಂಡು ಕೂತು, ಅತ್ತೆಗೆ ಸ್ವತಃ ಏನೇನು ಮಾಡಿಕೊಳ್ಳಲು ಆಗುವುದಿಲ್ಲ ಅಂತ ಬರೆಯಿರಿ. ಏಳುವುದು, ಸಂಡಾಸಿಗೆ ಹೋಗುವುದು, ಸ್ನಾನ, ಮಾತ್ರೆ ನೆನಪಿಟ್ಟುಕೊಳ್ಳುವುದು, ರಾತ್ರಿ ಎಷ್ಟು ಸಲ ಎದ್ದೇಳುತ್ತಾರೆ, ತೂಕ ಎಷ್ಟು. ತೂಕ ಮುಖ್ಯ. ಎಪ್ಪತ್ತು ಕೆಜಿಯ ಅತ್ತೆಯನ್ನು ನಲವತ್ತು ಕೆಜಿಯ ಹುಡುಗಿ ಎಬ್ಬಿಸಲು ಹೋದರೆ ಇಬ್ಬರೂ ಬೀಳುತ್ತಾರೆ. ಈ ಹಾಳೆ ಇಲ್ಲದೆ ಫೋನ್ ಮಾಡಿದರೆ ಬ್ಯೂರೋದವರು ಆ ದಿನ ಖಾಲಿ ಕೂತಿರುವವರನ್ನು ಕಳಿಸುತ್ತಾರೆ.

ಆ ಹಾಳೆಯಿಂದಲೇ ನಿಮಗೆ ಬೇಕಾದದ್ದು ಸಿಸ್ಟರಾ, ಆಯಾನಾ ಅನ್ನುವುದು ತಿಳಿಯುತ್ತದೆ. ಇಲ್ಲಿ ಜನ ಎರಡು ಕಡೆಯಿಂದಲೂ ತಪ್ಪುತ್ತಾರೆ. ಆಯಾ ಸಾಕಾಗುವ ಕಡೆ ಸಿಸ್ಟರ್ ದುಡ್ಡು ಕೊಡುತ್ತಾರೆ, ಇಲ್ಲವೇ ಆಯಾ ಕೈಯಲ್ಲಿ ಸಿಸ್ಟರ್ ಕೆಲಸ ಮಾಡಿಸುತ್ತಾರೆ. ಸಿಸ್ಟರ್ ಅಂದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರು. ನೋಂದಣಿ ನಂಬರ್ ಕೇಳಿ, ಅದರಲ್ಲಿ ಸಂಕೋಚ ಏನಿಲ್ಲ. ಬ್ಯೂರೋದವರು ಹೇಳುವ "ಟ್ರೇನ್ಡ್ ಸಿಸ್ಟರ್" ಅನ್ನುವ ಮಾತಿಗೆ ಏನೂ ಬೆಲೆ ಇಲ್ಲ. ನಿಮ್ಮ ಅತ್ತೆಗೆ ಡ್ರೆಸಿಂಗ್ ಮಾಡಲು ಸಿಸ್ಟರ್ ಬಂದುಹೋದರೆ ಸಾಕು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಕೊಡುವ ಇಂಜೆಕ್ಷನ್ ಬರೆದಿದ್ದರೆ ಅದೂ ಸಿಸ್ಟರ್ ಕೆಲಸ, ಅಥವಾ ವಾರ್ಡಿನಲ್ಲೇ ಸಿಸ್ಟರ್ ಹತ್ತಿರ ನೀವೇ ಕಲಿಯಿರಿ. ಹಗಲಿಡೀ ಜೊತೆಗಿರಲು ಗಟ್ಟಿಮುಟ್ಟಾದ, ತಾಳ್ಮೆಯ ಆಯಾ ಬೇಕು. ಅವಳ ಕೈಗೆ ಸಿರಿಂಜ್ ಕೊಡಬೇಡಿ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ), ಯೂರಿನ್ ಟ್ಯೂಬ್ ಹಾಕುವುದು ಅವಳ ಕೆಲಸ ಅಲ್ಲ.

ವಾರ್ಡ್‌ಬಾಯ್ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಎಷ್ಟೋ ಕಡೆ ಅಂಥವರಿಗೆ ಕಮಿಷನ್ ಇರುತ್ತದೆ. ಅವನು ಕೊಟ್ಟ ನಂಬರ್ ಬರೀ ನಂಬರ್, ಶಿಫಾರಸು ಅಲ್ಲ. ಬ್ಯೂರೋದ ಗೋಡೆಯ ಮೇಲೆ ತೂಗುಹಾಕಿದ ಗುಮಾಸ್ತಾ ಲೈಸೆನ್ಸ್ ನೋಡಿ ಸಮಾಧಾನ ಪಡುವವರೂ ಇದ್ದಾರೆ. ಗುಮಾಸ್ತಾ ಲೈಸೆನ್ಸ್ ಚಪ್ಪಲಿ ಅಂಗಡಿಗೂ ಇರುತ್ತದೆ. ಅದು ಅಂಗಡಿ ನಡೆಸಲು ಬೇಕಾದ ಕಾಗದ, ರೋಗಿಯನ್ನು ನೋಡಿಕೊಳ್ಳುವ ಕೆಲಸ ಗೊತ್ತಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಈಗ ಫೋನ್. ಎಲ್ಲರೂ ಮೊದಲು ರೇಟ್ ಕೇಳುತ್ತಾರೆ. ನೀವು ಮೊದಲು ಇದನ್ನು ಕೇಳಿ: "ಆಯಾ ಒಂದು ದಿನ ಬರದಿದ್ದರೆ ಬದಲಿ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ?" ಏಜೆನ್ಸಿಗೆ ಜಾಸ್ತಿ ದುಡ್ಡು ಕೊಡುವುದೇ ಇದಕ್ಕೆ. ಬದಲಿ ಕೊಡಲಾಗದ ಬ್ಯೂರೋಗಿಂತ ಪಕ್ಕದ ಬಿಲ್ಡಿಂಗಿನ ಪರಿಚಯದ ಮಾವ್ಶಿಯೇ (ಮನೆಕೆಲಸದ ಹೆಂಗಸೇ) ಮೇಲು. ಗಣಪತಿ ಹಬ್ಬಕ್ಕೆ ಕೊಂಕಣದವರು ಊರಿಗೆ ಹೋಗುತ್ತಾರೆ, ಛಠ್ ಹಬ್ಬಕ್ಕೆ ಬಿಹಾರದವರು ಹೋಗುತ್ತಾರೆ, ಮಳೆಗಾಲದಲ್ಲಿ ಹಳಿಗೆ ನೀರು ನುಗ್ಗಿದರೆ ಯಾರೂ ಎಲ್ಲಿಗೂ ಹೋಗಲಾಗುವುದಿಲ್ಲ. 2005ರ ಜುಲೈ 26ರ ಮುಂಬೈ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಆಯಾ ನಿಮ್ಮ ಕಡೆಯೇ, ಕಲ್ಯಾಣ–ಡೊಂಬಿವಲಿಯಲ್ಲೇ ಇರುವವಳಾಗಿರಲಿ. ವಿರಾರದಿಂದ ಮೂರು ಗಾಡಿ ಬದಲಿಸಿ ಬರುವವಳು ಎಷ್ಟೇ ಒಳ್ಳೆಯವಳಾದರೂ ಬಹಳ ದಿನ ನಿಲ್ಲುವುದಿಲ್ಲ.

ಎರಡನೇ ಪ್ರಶ್ನೆ ಕೇಳಲು ಜನ ಹೆದರುತ್ತಾರೆ: "ನಾನು ಕೊಡುವುದರಲ್ಲಿ ಆಯಾ ಕೈಗೆ ಎಷ್ಟು ಸಿಗುತ್ತದೆ?" ಕೇಳಲೇಬೇಕು. ಬ್ಯೂರೋ ದೊಡ್ಡ ಪಾಲು ಇಟ್ಟುಕೊಂಡರೆ ಅವಳು ಎರಡು ತಿಂಗಳಲ್ಲಿ ಇನ್ನೊಂದು ಮನೆ ಹುಡುಕುತ್ತಾಳೆ. ಅತ್ತೆ ಅವಳಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಹೊಸಬಳು ಬಂದಿರುತ್ತಾಳೆ. ಉತ್ತರ ಕೊಡದೆ ಮಾತು ತಿರುಗಿಸಿದರೆ ಫೋನ್ ಇಟ್ಟುಬಿಡಿ.

ಆಮೇಲೆ, ಅವಳ ಕೆಲಸ ನೋಡಲು ಬ್ಯೂರೋದಿಂದ ಯಾರಾದರೂ ಬರುತ್ತಾರಾ, ಬಂದವರು ನರ್ಸಾ ಅಂತ ಕೇಳಿ. ಎಷ್ಟೋ ಬ್ಯೂರೋಗಳು ಆಯಾಳನ್ನು ಮನೆಗೆ ಬಿಟ್ಟ ಮೇಲೆ ತಿಂಗಳ ಕೊನೆಗೆ ಬಿಲ್ಲಿಗಷ್ಟೇ ಫೋನ್ ಮಾಡುತ್ತವೆ. ಪೊಲೀಸ್ ವೆರಿಫಿಕೇಶನ್ "ಆಗಿದೆ" ಅಂದರೆ ಕಾಗದ ತೋರಿಸಲು ಹೇಳಿ. ಆಧಾರ್ ಜೆರಾಕ್ಸ್ ವೆರಿಫಿಕೇಶನ್ ಅಲ್ಲ. ಡಿಪಾಸಿಟ್ ಯಾವಾಗ ವಾಪಸ್, ಬಿಡಿಸಲು ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದು ಬರಹದಲ್ಲಿ ಇರಲಿ.

ಇಷ್ಟಾದರೂ ಇದೆಲ್ಲ ಬಾಯಿಮಾತು. ನಿಜವಾದ ಪರೀಕ್ಷೆ ಆಸ್ಪತ್ರೆಯಲ್ಲಿದೆ. ಆಯಾಳನ್ನು ಶುಕ್ರವಾರ ಮನೆಗೆ ಕರೆಸಬೇಡಿ, ಗುರುವಾರವೇ ವಾರ್ಡಿಗೆ ಕರೆಸಿ. ಒಂದು ದಿನದ ದುಡ್ಡು ಜಾಸ್ತಿ ಹೋಗಲಿ. ಅತ್ತೆಯನ್ನು ಮಂಚದಿಂದ ಕುರ್ಚಿಗೆ ಕೂರಿಸಲು ಹೇಳಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಕೆಲಸ ಗೊತ್ತಿರುವವಳು ಮೊದಲು ಕುರ್ಚಿಯನ್ನು ಹತ್ತಿರ ಎಳೆಯುತ್ತಾಳೆ. ಗಾಲಿಕುರ್ಚಿಯಾದರೆ ಬ್ರೇಕ್ ಹಾಕುತ್ತಾಳೆ. ಜಾರದ ಚಪ್ಪಲಿ ಹಾಕಿಸುತ್ತಾಳೆ. ಅತ್ತೆಯನ್ನು ಮಂಚದ ಅಂಚಿಗೆ ಕೂರಿಸಿ ಕಾಲು ನೆಲಕ್ಕೆ ತಾಗಿಸಿ ಎರಡು ನಿಮಿಷ ಹಾಗೇ ಬಿಡುತ್ತಾಳೆ, "ಚಕ್ಕರ್ ಬರ್ತಿದೆಯಾ" ಅಂತ ಕೇಳುತ್ತಾಳೆ. ಆಮೇಲೆ ಸೊಂಟಕ್ಕೆ ಕೈ ಕೊಟ್ಟು, ತನ್ನ ಮೊಣಕಾಲು ಬಗ್ಗಿಸಿ, ಅತ್ತೆ ತಾವೇ ಏಳುವಂತೆ ಮಾಡುತ್ತಾಳೆ. ಗೊತ್ತಿಲ್ಲದವಳು ಕಂಕುಳಿಗೆ ಕೈ ಹಾಕಿ ಎತ್ತುತ್ತಾಳೆ. ಹಾಗೆ ಎತ್ತಿದರೆ ಭುಜದ ಕೀಲು ಹೋಗಬಹುದು. ಈ ಐದು ನಿಮಿಷದಲ್ಲಿ ನಿಮಗೆ ತಿಳಿಯುವಷ್ಟು ಯಾವ ಸರ್ಟಿಫಿಕೇಟಿನಿಂದಲೂ ತಿಳಿಯುವುದಿಲ್ಲ. ತಪ್ಪಿದರೆ ವಾರ್ಡಿನ ಫಿಸಿಯೋಥೆರಪಿಸ್ಟ್ ಅಲ್ಲೇ ತಿದ್ದಬಹುದು. ತಗ್ಗಾದ ಸ್ಟೂಲಿನ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು ಅಂತ ಡಾಕ್ಟರು ಹೇಳಿದ್ದರೆ ಅದನ್ನು ಆಯಾ ತನ್ನ ಕಿವಿಯಾರೆ ಕೇಳಲಿ.

"ಆಪರೇಷನ್ ಆಗಿದೆ, ಮೂರು ತಿಂಗಳು ಮಲಗಿರಲಿ" ಅನ್ನುವ ನೆಂಟರ ಮಾತು ಕೇಳಬೇಡಿ. ಈ ಆಪರೇಷನ್ ಮಾಡುವುದೇ ಬೇಗ ನಿಲ್ಲಿಸಿ ನಡೆಸಲು. ಮಲಗಿಸಿಟ್ಟರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಅತ್ತೆ ದಿನವಿಡೀ ಮಲಗಿದ್ದರೆ ಆಯಾಗೆ ಕೆಲಸ ಕಡಿಮೆ. ಅವಳು ನಡೆಸುತ್ತಾಳೋ ಇಲ್ಲವೋ ಅಂತ ನೀವೇ ನೋಡಬೇಕು.

ಒಂದು ನೋಟ್‌ಬುಕ್ ಇಡಿ. ಊಟ, ನೀರು, ಮೂತ್ರ, ಮಲ, ಮಾತ್ರೆ, ನಡೆದದ್ದು, ಎಲ್ಲದರ ಹೊತ್ತು ಅವಳು ಬರೆಯಲಿ. ಬರೆಯಲು ಬರದಿದ್ದರೆ ಗುರುತು ಹಾಕಲಿ. ಮಾತ್ರೆಯ ಸ್ಟ್ರಿಪ್ ವಾರಕ್ಕೊಮ್ಮೆ ನೀವೇ ಎಣಿಸಿ. ನಿದ್ದೆ ಮಾತ್ರೆಯನ್ನಂತೂ ನಿಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿ. ರಾತ್ರಿ ಪೇಷಂಟ್ ಏಳದಿರಲಿ ಅಂತ ಅರ್ಧ ಮಾತ್ರೆ ಜಾಸ್ತಿ ಕೊಟ್ಟವರನ್ನು ನಾನು ನೋಡಿದ್ದೇನೆ. ಮರುದಿನ ತೂಕಡಿಸುತ್ತಾ ನಡೆದ ಮುದುಕರು ಬೀಳುತ್ತಾರೆ.

ಇನ್ನು ಮನೆಯವರಿಗೆ ಎರಡು ಮಾತು. "24 ಗಂಟೆ ಆಯಾ" ಅಂದರೆ 24 ಗಂಟೆ ಎಚ್ಚರ ಇರುವವಳಲ್ಲ. ಅತ್ತೆ ರಾತ್ರಿ ಮೂರು-ನಾಲ್ಕು ಸಲ ಏಳುವವರಾದರೆ ಹಗಲಿಗೊಬ್ಬಳು, ರಾತ್ರಿಗೊಬ್ಬಳು ಬೇಕು. ಇಲ್ಲವೇ ರಾತ್ರಿ ನೀವು ಏಳಬೇಕು. ಅವಳಿಗೆ ಮಲಗಲು ಜಾಗ, ಹೊಟ್ಟೆ ತುಂಬ ಬಿಸಿ ಊಟ, ವಾರಕ್ಕೊಂದು ರಜೆ ಕೊಡಿ. ಬೇರೆ ಲೋಟ, ನಿನ್ನೆಯ ಸಾರು ಕೊಟ್ಟು, ಅಮ್ಮನನ್ನು ಪ್ರೀತಿಯಿಂದ ನೋಡಲಿ ಅಂತ ಬಯಸುವ ಮನೆಗಳಿಗೆ ನಾನು ಆಯಾಗಳನ್ನು ಕಳಿಸುವುದೇ ಇಲ್ಲ. ಮತ್ತೆ, ಅವಳನ್ನು ಬಟ್ಟೆ ಒಗೆಯಲು, ಮನೆಮಂದಿಗೆಲ್ಲ ಚಪಾತಿ ಲಟ್ಟಿಸಲು ಹಚ್ಚಬೇಡಿ. ಅವಳು ಅಡುಗೆಮನೆಯಲ್ಲಿರುವಾಗಲೇ ಅತ್ತೆ ಒಬ್ಬರೇ ಎದ್ದು ಹೊರಡುವುದು.

ಪ್ರಶ್ನೆ: ಹಾಸಿಗೆ ಹಿಡಿದ ಅಪ್ಪನಿಗೆ ಏರ್‌ಬೆಡ್ (ಗಾಳಿ ತುಂಬಿದ ಹಾಸಿಗೆ) ತಂದಿದ್ದೇವೆ. ಇನ್ನು ಮಗ್ಗುಲು ಬದಲಿಸಬೇಕಿಲ್ಲ ಅಲ್ವಾ? (ಮುಲುಂಡ್)

ಬದಲಿಸಲೇಬೇಕು, ಎರಡು ಗಂಟೆಗೊಮ್ಮೆ. ಬೆನ್ನಿನ ಬುಡ, ಹಿಮ್ಮಡಿ ದಿನಾ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ತಿಳಿಯಿರಿ. ಆ ಜಾಗಕ್ಕೆ ಸ್ಪಿರಿಟ್, ಪೌಡರ್ ಹಾಕಿ ತಿಕ್ಕುವ ಆಯಾಳನ್ನು ಅಲ್ಲೇ ತಡೆಯಿರಿ.

ಪ್ರಶ್ನೆ: ಅಮ್ಮ ಸುಸ್ತಾಗಿದ್ದಾರೆ. ಬ್ಯೂರೋದವರು ಮನೆಯಲ್ಲೇ ತಿಂಗಳಿಗೊಂದು ಶಕ್ತಿಯ ಸಲೈನ್ ಹಾಕುತ್ತೇವೆ ಅನ್ನುತ್ತಾರೆ. (ಠಾಣೆ)

ಹೀಗೆ ಹೇಳುವ ಬ್ಯೂರೋವನ್ನು ಇವತ್ತೇ ಬಿಡಿ. ಅರ್ಧ ಲೀಟರ್ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ನೀರು) ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಒಂದು ಬಟ್ಟಲು ರಾಗಿ ಗಂಜಿಯಲ್ಲಿ ಅದಕ್ಕಿಂತ ಜಾಸ್ತಿ ಸತ್ವ ಇದೆ. ಹೃದಯ, ಕಿಡ್ನಿ ಸೋತವರಿಗೆ ಆ ನೀರು ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟಬಹುದು. ಸುಸ್ತು ಯಾಕೆ ಅಂತ ಡಾಕ್ಟರಿಗೆ ತೋರಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಸೋಡಿಯಂ, ಏನಾದರೂ ಇದ್ದೀತು.

ಪ್ರಶ್ನೆ: ಅಜ್ಜಿಗೆ ಮರೆವಿನ ಕಾಯಿಲೆ. ಮೊದಲು ಹಿಂದಿ, ಮರಾಠಿ ಮಾತಾಡುತ್ತಿದ್ದರು, ಈಗ ಬರೀ ಕನ್ನಡ. ಆಯಾಗೆ ಕನ್ನಡ ಬರುವುದಿಲ್ಲ. (ಗೋರೆಗಾಂವ್)

ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗಿ, ಚಿಕ್ಕಂದಿನ ಭಾಷೆ ಉಳಿಯುವುದು ಸಾಮಾನ್ಯ. ಅಜ್ಜಿ ಹಟ ಮಾಡುತ್ತಿಲ್ಲ. ಕನ್ನಡ ಬರುವ ಆಯಾ ಸಿಕ್ಕರೆ ಒಳ್ಳೆಯದು. ನಿಮ್ಮ ಕಡೆಯ ಕರ್ನಾಟಕ ಸಂಘಗಳಲ್ಲಿ ವಿಚಾರಿಸಿ. ಸಿಗದಿದ್ದರೆ ಒಂದಿಷ್ಟು ಮಾತನ್ನು ದೇವನಾಗರಿಯಲ್ಲಿ ಬರೆದು ಗೋಡೆಗೆ ಅಂಟಿಸಿ: ನೀರು, ಸೆಕೆ, ಚಳಿ, ನೋವು, ಉಚ್ಚೆ, ಸಾಕು, ಬೇಡ, ಅಮ್ಮ ಎಲ್ಲಿ. ಅಜ್ಜಿ ಆಡುವ ಮಾತೇ ಇರಲಿ, ಪುಸ್ತಕದ ಮಾತು ಬೇಡ. ಒಂದು ಮನೆಯಲ್ಲಿ ಅಜ್ಜಿ ಸಂಜೆಯಾದರೆ ಕೂಗಾಡುತ್ತಾರೆ, ಹುಚ್ಚು ಜಾಸ್ತಿಯಾಗಿದೆ ಅಂತ ಜಾರ್ಖಂಡಿನ ಹುಡುಗಿ ಹೆದರಿದ್ದಳು. ಅಜ್ಜಿ ಕೇಳುತ್ತಿದ್ದದ್ದು "ದೀಪ ಹಚ್ಚಿದ್ಯಾ" ಅಂತ. ಆ ಎರಡು ಮಾತು ಕಲಿಸಿದ ಮೇಲೆ ಹುಡುಗಿ ದಿನಾ ಆರಕ್ಕೆ ದೀಪ ತೋರಿಸಿ "ಹಚ್ಚಿದೆ ಅಜ್ಜಿ" ಅನ್ನುತ್ತಾಳೆ.

ಪ್ರಶ್ನೆ: ಮರೆವು ಪೂರ್ತಿ ವಾಸಿ ಮಾಡುತ್ತೇವೆ ಅಂತ ಒಬ್ಬರು ಎಣ್ಣೆ, ಇನ್ನೊಬ್ಬರು ಸ್ಟೆಮ್ ಸೆಲ್ ಚಿಕಿತ್ಸೆ ಹೇಳುತ್ತಾರೆ. (ಪುಣೆ)

ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ. ಆ ದುಡ್ಡಲ್ಲಿ ರಾತ್ರಿ ಆಯಾ ಇಡಿ.

ಪ್ರಶ್ನೆ: ಮೆಡಿಕ್ಲೇಮಿನಲ್ಲಿ ಆಯಾ ಖರ್ಚು ಬರುತ್ತದಾ? 70 ದಾಟಿದವರ ಆಯುಷ್ಮಾನ್ ಕಾರ್ಡಿನಲ್ಲಿ? (ವಸಾಯಿ)

ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ.

ಪ್ರಶ್ನೆ: ಸಿಸಿಟಿವಿ ಹಾಕಲಾ? (ನೆರೂಲ್)

ಹಾಕಿ, ಆಯಾಗೆ ಹೇಳಿಯೇ ಹಾಕಿ. ಬಟ್ಟೆ ಬದಲಿಸುವ ಜಾಗ ಬೇಡ. ಅದಕ್ಕಿಂತ ಹೊತ್ತಲ್ಲದ ಹೊತ್ತಿಗೆ ಬಂದು ಬಾಗಿಲು ತಟ್ಟುವ ಪಕ್ಕದ ಮನೆಯವರು ಹೆಚ್ಚು ಉಪಯೋಗ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ವಿಡಿಯೋ ಕಾಲ್ ಮಾಡಿದಾಗ ಅಪ್ಪನ ರಟ್ಟೆಯಲ್ಲಿ ನೀಲಿ ಗುರುತು ಕಂಡಿತು. ಆಯಾ "ಸುಮ್ನೆ ತಾಗಿದ್ದು" ಅನ್ನುತ್ತಾಳೆ. (ಅಂಧೇರಿಯ ಮನೆ)

ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಸ್ವಲ್ಪ ತಾಗಿದರೂ ನೀಲಿಗಟ್ಟುತ್ತದೆ. ಆದರೆ ರಟ್ಟೆಯ ಒಳಭಾಗದಲ್ಲಿ, ಬೆರಳಿನ ಆಕಾರದಲ್ಲಿ, ಎರಡೂ ಕೈಗೆ ಇದ್ದರೆ ಅದು ಹಿಡಿದು ಎಳೆದ ಗುರುತು ಇರಬಹುದು. ಕಾಯಬೇಡಿ. ನಂಬುವ ನೆಂಟರನ್ನೋ ಸೊಸೈಟಿಯವರನ್ನೋ ಇವತ್ತೇ ಮನೆಗೆ ಕಳಿಸಿ. ಆಯಾಳನ್ನು ಹೊರಗೆ ಕೂರಿಸಿ ಅಪ್ಪನ ಜೊತೆ ಅವರೊಬ್ಬರೇ ಮಾತಾಡಲಿ. ಗುರುತಿನ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ ಬರೆಸಿಕೊಳ್ಳಲಿ. ಅನುಮಾನ ಉಳಿದರೆ ಆಯಾಳನ್ನು ಅವತ್ತೇ ಬದಲಿಸಿ. ಹೊಡೆದದ್ದು ಖಚಿತವಾದರೆ ಪೊಲೀಸರಿಗೆ ದೂರು ಕೊಡಿ. ಬ್ಯೂರೋದವರು "ಒಳಗೇ ಮುಗಿಸೋಣ" ಅಂದರೆ ಒಪ್ಪಬೇಡಿ, ಒಪ್ಪಿದರೆ ಅವಳು ಮುಂದಿನ ವಾರ ಇನ್ನೊಂದು ಮನೆಯಲ್ಲಿರುತ್ತಾಳೆ. ಏನು ಮಾಡಬೇಕೆಂದು ತೋಚದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ ಎಲ್ಡರ್‌ಲೈನ್ 14567 ಇದೆ. ಅದು ಟೋಲ್ ಫ್ರೀ. ಅಂಧೇರಿಗೆ ಹೋದವರೇ ಅಪ್ಪನ ಪಕ್ಕ ಕೂತು ಅಲ್ಲಿಂದ ಫೋನ್ ಮಾಡಲಿ.