ಮೇಲೆ ಹೋದವರು ಮತ್ತು ನಮ್ಮವರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತರ ಆಸುಪಾಸಿನ ಈ ಇಂಜಿನಿಯರ್ ನನ್ನಲ್ಲಿಗೆ ಬಂದದ್ದು ನಿದ್ರೆ ಬರುವುದಿಲ್ಲವೆಂದು. ಮೂರು ಸಲ ಬಂದ ಬಡ್ತಿಯನ್ನು ತಾವೇ ಬೇಡವೆಂದದ್ದನ್ನೂ, ನಾಲ್ಕನೆಯ ಸಲ ಮೇಲಧಿಕಾರಿಗಳು ಉತ್ತರಕ್ಕೆ ಕಾದಿರುವುದನ್ನೂ ಅವರು ಹೇಳಿದ್ದು ಎರಡನೆಯ ಭೇಟಿಯಲ್ಲಿ. ಆತ್ಮವಿಶ್ವಾಸ ಸಾಲದೆಂದು ತಿಳಿದು, ಈವರೆಗಿನ ಸಾಧನೆಗಳನ್ನು ಬರೆದು ತರಲು ಸೂಚಿಸಿದೆ. ಎರಡು ಪುಟ ತುಂಬಿಸಿ ತಂದರು. ನಿದ್ರೆ ಇನ್ನಷ್ಟು ಕೆಟ್ಟಿತು. ಬಡ್ತಿಗೆ ನಾನು ಕೊಡುವ ಅರ್ಥವನ್ನೇ ಅವರೂ ಕೊಡುತ್ತಾರೆಂದು ಭಾವಿಸಿದ್ದು ನನ್ನ ತಪ್ಪು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಕೆಲ್ಲಿ 1955ರಲ್ಲಿ ಮಂಡಿಸಿದ, ಅನುಭವಕ್ಕೆ ಅರ್ಥವನ್ನು ಮನುಷ್ಯ ತಾನೇ ಕಟ್ಟಿಕೊಳ್ಳುತ್ತಾನೆ ಎನ್ನುವ ರಚನಾವಾದಿ ಮನೋವಿಜ್ಞಾನಕ್ಕೆ ಬುನಾದಿಯಾದ ಸಿದ್ಧಾಂತದ ಪ್ರಕಾರ, ಮನುಷ್ಯ ತಾನೇ ಕಟ್ಟಿಕೊಂಡ ಎದುರುಬದುರು ಜೋಡಿಗಳಿಂದ ಜನರನ್ನೂ ತನ್ನನ್ನೂ ಅಳೆಯುತ್ತಾನೆ, ಮತ್ತು ಆ ಜೋಡಿಯ ಇನ್ನೊಂದು ತುದಿ ನಿಘಂಟಿನ ವಿರುದ್ಧಪದವೇ ಆಗಿರಬೇಕಿಲ್ಲ. ಹಾಗಾಗಿ ಮುಂದಿನ ಭೇಟಿಯಲ್ಲಿ ಅವರ ಬದುಕಿನ ಒಂಬತ್ತು ಮಂದಿಯ ಹೆಸರುಗಳನ್ನು ಚೀಟಿಗಳ ಮೇಲೆ ಬರೆಸಿ, ಮೂರು ಮೂರಾಗಿ ಮುಂದಿಟ್ಟು, ಯಾವ ಇಬ್ಬರು ಒಂದೇ ಬಗೆ, ಮೂರನೆಯವರು ಹೇಗೆ ಬೇರೆ ಎಂದು ಕೇಳುತ್ತ ಹೋದೆ. ಚಿಕ್ಕಪ್ಪ ಮತ್ತು ಮೇಲಧಿಕಾರಿಯ ಚೀಟಿಗಳನ್ನು ಜೋಡಿಸಿ "ಇವರು ಮೇಲೆ ಹೋದವರು" ಎಂದರು. ತಾಯಿಯ ಚೀಟಿಯನ್ನು ಬೆರಳಿನಿಂದ ತಮ್ಮ ಕಡೆಗೆ ಎಳೆದುಕೊಂಡು, ಸ್ವಲ್ಪ ತಡೆದು, "ಇವರು ನಮ್ಮವರು" ಎಂದರು. ಅಧಿಕಾರಿಯಾದ ಮೇಲೆ ಆ ಚಿಕ್ಕಪ್ಪ ಊರಿನ ಹಬ್ಬಕ್ಕೂ ಬರಲಿಲ್ಲವಂತೆ.

ಬಾರ್ಸಿಲೋನಾದ ಮನಶ್ಶಾಸ್ತ್ರಜ್ಞ ಗಿಲ್ಲೆಮ್ ಫೆಶಾಸ್ ಮತ್ತು ಸಂಗಡಿಗರು ಇತ್ತೀಚಿನ ದಶಕಗಳಲ್ಲಿ ಬೆಳೆಸಿರುವ ವಿಚಾರ ಇಲ್ಲಿ ನೆರವಿಗೆ ಬಂತು: ತಾನು ಬಯಸುವ ಬದಲಾವಣೆಯೇ ತಾನು ಮೆಚ್ಚಿಕೊಂಡ ಗುಣವೊಂದನ್ನು ಕಿತ್ತುಕೊಳ್ಳುವಂತೆ ಕಂಡರೆ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ. ಇವರ ನಿರಾಕರಣೆಯನ್ನು ಅಂಜಿಕೆ ಎನ್ನುವುದಕ್ಕಿಂತ ನಿಷ್ಠೆ ಎನ್ನುವುದೇ ಸರಿ. ಅದನ್ನು ಧೈರ್ಯ ತುಂಬಿ ಓಡಿಸಲು ಹೊರಟ ನನ್ನ ಮೊದಲ ಸಲಹೆ ತಾಯಿಯನ್ನು ಬಿಟ್ಟು ಬನ್ನಿ ಎಂದಂತೆಯೇ ಅವರಿಗೆ ಕೇಳಿಸಿರಬೇಕು.

ಬಡ್ತಿಯ ಬಗ್ಗೆ ತೀರ್ಮಾನವನ್ನು ಸದ್ಯಕ್ಕೆ ಮುಂದೂಡಿ, ಸಾಧ್ಯವಾದರೆ ಒಂದು ತಿಂಗಳ ಕಾಲಾವಕಾಶ ಕೇಳಿ ಎಂದು ಸಲಹೆ ನೀಡಿದೆ. ಜೊತೆಗೆ, ತಮ್ಮನ್ನು ಚೆನ್ನಾಗಿ ಬಲ್ಲ, ತಮ್ಮ ಮೇಲೆ ಕರುಣೆಯುಳ್ಳ ಗೆಳೆಯನೊಬ್ಬ ಬರೆದಂತೆ, "ಅವನು" ಎಂದೇ ಸಂಬೋಧಿಸಿ, ತಮ್ಮ ಪರಿಚಯವನ್ನು ಬರೆಯಲು ಹೇಳಿದೆ. ಅದನ್ನು ಓದಿ ಬೇರೊಂದು ಹೆಸರಿನ ಪಾತ್ರವನ್ನು ಇಬ್ಬರೂ ಸೇರಿ ರೂಪಿಸಿದೆವು. ಇದೂ ಕೆಲ್ಲಿಯವರದೇ ವಿಧಾನ. ಪಾತ್ರವು ವ್ಯಕ್ತಿಯ ತದ್ವಿರುದ್ಧವಾಗಿರದೆ, ಬೇರೊಂದೇ ದಿಕ್ಕಿನಲ್ಲಿ ಭಿನ್ನವಾಗಿರಬೇಕು. ನಮ್ಮ ಪಾತ್ರದ ಗುಣ ಒಂದೇ: ಎದುರಿಗಿರುವವರು ಲೋಕವನ್ನು ಹೇಗೆ ಕಾಣುತ್ತಾರೆಂಬ ಕುತೂಹಲ. ಇದು ನಟನೆ ಎಂದು ಮೊದಲೇ ಒಪ್ಪಿಕೊಂಡು ಎರಡು ವಾರ ಅವರು ಕಚೇರಿಯಲ್ಲೂ ಮನೆಯಲ್ಲೂ ಹಾಗೆಯೇ ನಡೆದುಕೊಂಡರು.

ಆ ಕುತೂಹಲದಲ್ಲೇ ತಾಯಿಗೆ ಫೋನು ಮಾಡಿ ಚಿಕ್ಕಪ್ಪನ ಬಗ್ಗೆ ವಿಚಾರಿಸಿದರಂತೆ. ಹಬ್ಬಕ್ಕೆ ಬಾರದಿದ್ದುದು ಜಮೀನಿನ ಜಗಳದಿಂದ ಎಂದೂ, ಅದಕ್ಕೂ ಅಧಿಕಾರಕ್ಕೂ ಸಂಬಂಧವಿಲ್ಲವೆಂದೂ ತಾಯಿ ಹೇಳಿದರು. ಮುಂದಿನ ಭೇಟಿಯಲ್ಲಿ ಅವರು ಚೀಟಿಗಳನ್ನು ತಾವಾಗಿ ಕೇಳಿ ಪಡೆದು, ಚಿಕ್ಕಪ್ಪನದನ್ನು ಎರಡು ಗುಂಪುಗಳ ನಡುವೆ ಇಟ್ಟರು. ಬಡ್ತಿಗೆ ಇನ್ನೂ ಉತ್ತರ ಕೊಟ್ಟಿಲ್ಲ, ನಿದ್ರೆ ಪರವಾಗಿಲ್ಲ.